ಬ್ಯಾಡಗಿ ಮಾರ್ಕೆಟ್ಟಿಗೆ ದುಡ್ಡು ಒಯ್ಯುವ ಗಾಡಿಗೆ ಬುಲೆಟ್‌ಪ್ರೂಫ್ ಮಾಡಿಸಬಹುದೇ?

ಹಾವೇರಿಯಿಂದ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿಗೆ ನಗದು ಒಯ್ಯುತ್ತೀರಿ, ದಾರಿಯಲ್ಲಿ ಕಲ್ಲು ಹೊಡೆದು ಬ್ಯಾಗ್ ಕಸಿದಾರೆಂಬ ಭಯಕ್ಕೆ ಇರುವ ಏಳು ಸೀಟಿನ ಎಸ್‌ಯುವಿಗೇ ಬುಲೆಟ್‌ಪ್ರೂಫ್ ಹಾಕಿಸಬೇಕು ಅಂತೀರಿ. ಬೇಡ್ರಿ. ಮೊದಲು ತೂಕದ ಲೆಕ್ಕ ನೋಡಿ.

ರೈಫಲ್ ಗುಂಡು (7.62×51 ಮಿ.ಮೀ.) ತಡೆಯುವ ಬಿಆರ್6 ದರ್ಜೆಯ ಗಾಜು ಸುಮಾರು 40 ಮಿ.ಮೀ. ದಪ್ಪ, ಒಂದು ಚದರ ಮೀಟರಿಗೆ 80 ಕೆಜಿ ಮೇಲೆಯೇ. 6.5 ಮಿ.ಮೀ. ಉಕ್ಕಿನ ತಗಡು ಚದರ ಮೀಟರಿಗೆ 51 ಕೆಜಿ. ಮೂರು ಚದರ ಮೀಟರ್ ಗಾಜು, ಎಂಟು ಚದರ ಮೀಟರ್ ಉಕ್ಕು ಅಂದರೆ 650 ಕೆಜಿ ಆಯಿತು, ಫ್ರೇಮು ಬೇರೆ. ಇಂಥ ಗಾಡಿ ಜನ, ಸಾಮಾನು ಸೇರಿ ಹೊರುವುದೇ ಹೆಚ್ಚುಕಡಿಮೆ 600 ಕೆಜಿ. ನೀವು ಹತ್ತುವ ಮೊದಲೇ ಓವರ್‌ಲೋಡ್. 2,100 ಕೆಜಿ ಗಾಡಿ 2,800 ಆದರೆ, ಅದೇ ವೇಗದಲ್ಲಿ ಬ್ರೇಕ್ ಒತ್ತಿದಾಗ ಡಿಸ್ಕ್ ತಾಳಬೇಕಾದ ಶಾಖ ಮೂರರಲ್ಲೊಂದು ಪಾಲು ಹೆಚ್ಚು. ಭಾರ ಮೇಲಿನ ಅರ್ಧದಲ್ಲಿ ಕೂಡುವುದರಿಂದ ತಿರುವಿನಲ್ಲಿ ಗಾಡಿ ಹೊರಳುವ ಅಪಾಯವೂ ಉಂಟು. ಬ್ರೇಕು, ಸ್ಪ್ರಿಂಗು, ಟೈರು, ಬಿಜಾಗರಿ ಎಲ್ಲ ಬದಲಿಸದೆ ಬರೀ ತಗಡು ಬಡಿದು ಕೊಡುವವರ ಹತ್ತಿರ ಹೋಗಲೇಬೇಡಿ.

ಗುಂಡು ಒಳನುಗ್ಗುವುದು ಸಾಮಾನ್ಯವಾಗಿ ಸಂದಿಯಲ್ಲಿ: ಗಾಜಿನ ಅಂಚು, ಬಾಗಿಲು ಕೂಡುವ ಜಾಗ, ಲಾಕ್ ಸುತ್ತ. ಅಲ್ಲಿ ಹಿಂದಿನಿಂದ ಇನ್ನೊಂದು ಉಕ್ಕಿನ ಪಟ್ಟಿ ಸಂದಿ ಮುಚ್ಚಿ ಕೂತಿರಬೇಕು. ಅದಿಲ್ಲದಿದ್ದರೆ ಉಳಿದ ದಪ್ಪಕ್ಕೆ ಅರ್ಥವಿಲ್ಲ.

ಅಪಘಾತದ ಮಾತು ಇನ್ನೂ ಮುಖ್ಯ. ಈ ಗಾಜನ್ನು ಹೊರಗಿನವರು ಕಲ್ಲಲ್ಲಿ ಒಡೆದು ನಿಮ್ಮನ್ನು ಎಳೆಯಲಾಗದು. ಕಿಟಕಿ ಇಳಿಯುವುದಿಲ್ಲ, ಇಳಿದರೂ ಒಂದು ಗೇಣು. ಬಾಗಿಲು ಜಾಮ್ ಆಗಿ ಬೆಂಕಿ ಹತ್ತಿದರೆ ಒಳಗಿದ್ದವರ ಗತಿ ಕಷ್ಟ.

ಕಾನೂನಿಗೂ ಅಡ್ಡಿಯಿದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. ಹೇಳದೆ ಮಾಡಿಸಿದರೆ ವಿಮೆಯವರೂ ಕ್ಲೇಮ್ ತಳ್ಳಿಹಾಕಬಹುದು.

ಸೆಕೆಂಡ್‌ಹ್ಯಾಂಡ್ ಬುಲೆಟ್‌ಪ್ರೂಫ್ ಗಾಡಿ ನೋಡುವುದಾದರೆ ಗಾಜಿನ ಅಂಚಿಗೆ ಕಣ್ಣಿಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಪದರ ಬಿಟ್ಟು ಹಾಲಿನಂಥ ಬಿಳುಪು, ಗುಳ್ಳೆ ಕಂಡರೆ ಗಾಜು ಮುಗಿಯಿತು. ರಿಪೇರಿ ಇಲ್ಲ, ಬದಲಿಸಬೇಕು. ಬಾಗಿಲು ಅರ್ಧ ತೆರೆದು ಎರಡೂ ಕೈಯಿಂದ ಮೇಲೆತ್ತಿ, ಕುಣಿದರೆ ಬಿಜಾಗರಿ ಸವೆದಿದೆ. ಒಳಗಿನ ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಪದರವನ್ನು ಅಮೋನಿಯಾ ಇರುವ ಕ್ಲೀನರಿನಲ್ಲಿ ಒರೆಸಿದ್ದರೆ ಮಬ್ಬಾಗಿರುತ್ತದೆ, ರಾತ್ರಿ ಎದುರಿನ ಲಾರಿ ಲೈಟು ಚದುರಿ ದಾರಿ ಕಾಣದು.

ನಿಮಗಿರುವ ಭಯ ಕಲ್ಲು ಹೊಡೆದು ಬ್ಯಾಗ್ ಕಸಿಯುವವರದ್ದು, ರೈಫಲ್‌ನದ್ದಲ್ಲ. ಪಕ್ಕದ ಬಾಗಿಲಿಗೂ ಕಂಪನಿಯದೇ ಲ್ಯಾಮಿನೇಟೆಡ್ ಗಾಜು ಬರುವ ಗಾಡಿ ಆರಿಸಿ; ಒಡೆದರೂ ನಡುವಿನ ಪ್ಲಾಸ್ಟಿಕ್ ಪದರಕ್ಕೇ ಅಂಟಿಕೊಂಡಿರುತ್ತದೆ, ಕೈ ಹಾಕಲು ಹೊತ್ತು ಹಿಡಿಯುತ್ತದೆ. ಬ್ಯಾಗು ಸೀಟಿನ ಮೇಲೆ ಬೇಡ. ದೊಡ್ಡ ಮೊತ್ತ ಬ್ಯಾಂಕಿನ ಆರ್‌ಟಿಜಿಎಸ್‌ನಲ್ಲೇ ಹೋಗಲಿ.