ನಿಮ್ಮ ಲೇಖನದ ಎರಡು ವಾಕ್ಯಗಳ ಕುರಿತು

ಪ್ರಿಯ ಲೇಖಕರೇ,

ಸ್ತನ ಕ್ಯಾನ್ಸರಿನ ಮುನ್ಸೂಚಕಗಳಾಗಿ, ಅಂದರೆ ರೋಗದ ಮುಂದಿನ ಗತಿಯನ್ನು ಸೂಚಿಸುವ ಗುರುತುಗಳಾಗಿ, ದೀರ್ಘ ನಾನ್‌ಕೋಡಿಂಗ್ ಆರ್‌ಎನ್‌ಎಗಳ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಪ್ರೋಟೀನ್ ತಯಾರಿಕೆಗೆ ಬಳಕೆಯಾಗದ, 200ಕ್ಕಿಂತ ಹೆಚ್ಚು ನ್ಯೂಕ್ಲಿಯೊಟೈಡ್‌ಗಳಷ್ಟು (ಆರ್‌ಎನ್‌ಎ ಸರಪಳಿಯ ಕೊಂಡಿಗಳಷ್ಟು) ಉದ್ದದ ಈ ಅಣುಗಳನ್ನು ತಿಳಿಯಾಗಿ ಪರಿಚಯಿಸಿದ್ದೀರಿ. ಆದರೆ ಎರಡು ವಾಕ್ಯಗಳು ನನ್ನನ್ನು ಬಹಳವಾಗಿ ಕಾಡಿದವು.

ಮೊದಲನೆಯದು: ‘ಗಡ್ಡೆಯಲ್ಲಿ ಹಾಟ್‌ಏರ್ ಹೆಚ್ಚಿದ್ದರೆ ರೋಗಿಯ ಸಾವು ಖಚಿತ.’ ಹಾಟ್‌ಏರ್ ಇಂಥದೇ ಒಂದು ಆರ್‌ಎನ್‌ಎ. ಆದರೆ ನೀವು ಆಧಾರವಾಗಿಟ್ಟುಕೊಂಡಿರುವ 2010ರ ಅಧ್ಯಯನ ಹೀಗೆ ಹೇಳಿಲ್ಲ. ಮೂಲ ಗಡ್ಡೆಯಲ್ಲಿ ಹಾಟ್‌ಏರ್ ಹೆಚ್ಚಿದ್ದವರ ಗುಂಪಿನಲ್ಲಿ, ಕಡಿಮೆ ಇದ್ದವರ ಗುಂಪಿಗಿಂತ, ರೋಗ ಬೇರೆ ಅಂಗಗಳಿಗೆ ಹರಡುವ ಮತ್ತು ಸಾವು ಸಂಭವಿಸುವ ಸಾಧ್ಯತೆ ಹೆಚ್ಚು ಎಂದಷ್ಟೇ ಅದು ತೋರಿಸಿತು. ಗುಂಪಿನ ಬಗೆಗಿನ ಮಾತನ್ನು ನೀವು ಒಬ್ಬ ಹೆಣ್ಣುಮಗಳ ಮೇಲೆ ಹೊರಿಸಿದ್ದೀರಿ. ನಾಳೆ ಈ ಲೇಖನವನ್ನು ಓದುವವರು ತಮ್ಮ ಪರೀಕ್ಷಾ ವರದಿಯನ್ನು ಕೈಯಲ್ಲಿ ಹಿಡಿದೇ ಓದಬಹುದು. ‘ಹೆಚ್ಚು’ ಎಂದರೆ ಎಷ್ಟು ಎಂಬುದನ್ನೂ ನೀವು ಹೇಳಿಲ್ಲ. ಎರಡು ಗುಂಪುಗಳ ಅಂತರ ಅತಿ ಎದ್ದು ಕಾಣುವ ಗಡಿಯನ್ನು ಅದೇ ರೋಗಿಗಳ ಮಾಹಿತಿಯಿಂದ ಆರಿಸಿಕೊಂಡರೆ, ಬೇರೆ ರೋಗಿಗಳಲ್ಲಿ ಪರೀಕ್ಷಿಸಿದಾಗ ಆ ಅಂತರ ಸಾಮಾನ್ಯವಾಗಿ ಕುಗ್ಗುತ್ತದೆ. ಗಡ್ಡೆಯ ಗಾತ್ರ, ದುಗ್ಧರಸ ಗ್ರಂಥಿಗಳ (ಲಿಂಫ್ ನೋಡ್) ಸ್ಥಿತಿ, ಈಸ್ಟ್ರೊಜೆನ್ ಗ್ರಾಹಕಗಳ ಇರುವಿಕೆ ಇವೆಲ್ಲ ತಿಳಿದ ಮೇಲೂ ಹೊಸ ಸೂಚಕ ಇನ್ನೇನು ತಿಳಿಸುತ್ತದೆ ಎಂದು ವೈದ್ಯರು ಕೇಳುತ್ತಾರೆ; ನಿಮ್ಮ ಲೇಖನ ಕೇಳಿಲ್ಲ.

ನಾನು ಉಪಸಂಪಾದಕನಾಗಿ ಸೇರಿದ ಮೊದಲ ವರ್ಷ, ಒಂದು ರಕ್ತಪರೀಕ್ಷೆಯ ಕುರಿತ ಬರಹದಲ್ಲಿ ಇದೇ ‘ಖಚಿತ’ ಪದವನ್ನು ಬಳಸಿದ್ದೆ. ನಮ್ಮ ಹಿರಿಯ ಸಂಪಾದಕರು ಅದರ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ‘ಎಷ್ಟು ಜನರಲ್ಲಿ ಎಷ್ಟು ಮಂದಿಗೆ?’ ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸಿದರು. ಉತ್ತರ ನನ್ನಲ್ಲಿರಲಿಲ್ಲ. ಮೂಲ ಪ್ರಬಂಧದ ಕೋಷ್ಟಕಗಳನ್ನು ನಾನು ನಿಜವಾಗಿ ಓದಿದ್ದು ಆ ರಾತ್ರಿಯೇ.

ಎರಡನೆಯ ವಾಕ್ಯ: ‘ಮಲಾಟ್1 ಕ್ಯಾನ್ಸರನ್ನು ಹರಡಿಸುತ್ತದೆ, ಆದ್ದರಿಂದ ಅದು ಮುನ್ಸೂಚಕ.’ ಮಲಾಟ್1 ಕೂಡ ಇಂಥದೇ ಒಂದು ಆರ್‌ಎನ್‌ಎ. ಇಲ್ಲಿ ನನ್ನ ತಕರಾರು ‘ಆದ್ದರಿಂದ’ ಎಂಬ ಪದದ ಮೇಲೆ. ಮುನ್ಸೂಚಕವು ರೋಗದ ಜೊತೆಗೆ ಏರಿಳಿದರೆ ಸಾಕು, ರೋಗಕ್ಕೆ ಕಾರಣವಾಗಿರಬೇಕಿಲ್ಲ. ಯಾದೃಚ್ಛಿಕವಾಗಿ ಆರಿಸಿದ ವಂಶವಾಹಿಗಳ ಗುಂಪುಗಳಲ್ಲಿ ಬಹುಪಾಲು ಸ್ತನ ಕ್ಯಾನ್ಸರಿನ ಫಲಿತಾಂಶದೊಂದಿಗೆ ನಂಟು ತೋರುತ್ತವೆ ಎಂದು 2011ರ ಒಂದು ಅಧ್ಯಯನ ಕಂಡುಕೊಂಡಿತು. ಜೀವಕೋಶ ವಿಭಜನೆಯ ವೇಗದೊಂದಿಗೆ ಅಸಂಖ್ಯ ವಂಶವಾಹಿಗಳ ಚಟುವಟಿಕೆಯೂ ಏರಿಳಿಯುವುದೇ ಇದಕ್ಕೆ ಮುಖ್ಯ ಕಾರಣ. ಇನ್ನು ಮಲಾಟ್1 ರೋಗವನ್ನು ಹರಡಿಸುತ್ತದೆ ಎಂಬುದೇ ಇತ್ಯರ್ಥವಾಗಿಲ್ಲ: ಇಲಿಗಳಲ್ಲಿ ಅದನ್ನು ತಗ್ಗಿಸಿದಾಗ ಹರಡುವಿಕೆ ಕಡಿಮೆಯಾಯಿತೆಂದು 2016ರಲ್ಲಿ ಒಂದು ತಂಡ ವರದಿ ಮಾಡಿದರೆ, ಅದನ್ನು ನಿಷ್ಕ್ರಿಯಗೊಳಿಸಿದಾಗ ಹರಡುವಿಕೆ ಹೆಚ್ಚಿತೆಂದು 2018ರಲ್ಲಿ ಮತ್ತೊಂದು ತಂಡ ವರದಿ ಮಾಡಿತು. ಈ ವೈರುಧ್ಯವೇ ನಿಮ್ಮ ಲೇಖನದ ಜೀವಾಳವಾಗಬಹುದಿತ್ತು. ಅದರ ಸುಳಿವೂ ಓದುಗರಿಗೆ ಸಿಗುವುದಿಲ್ಲ.

ಈ ಎರಡು ವಾಕ್ಯಗಳನ್ನು ಮತ್ತೆ ಬರೆದು ಕಳುಹಿಸಿ. ಪ್ರತಿ ಕೈಸೇರಿದ ಕೂಡಲೇ ಮೊದಲು ಅವನ್ನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ