ಬಿಲ್ಡರ್ ಹೇಳಿದ ಮೊತ್ತದಲ್ಲೇ ಮನೆ ಮುಗಿಯುತ್ತಾ?
ಬಿಲ್ಡರ್ ಕೊಟ್ಟ ಅಂದಾಜಿನಲ್ಲೇ ಮನೆ ಮುಗಿಯುತ್ತಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಬಹುಪಾಲು ನಾವೇ ನಡುವೆ ಮಾಡಿಸುವ ಬದಲಾವಣೆಗಳಿಂದ. ಪ್ಲಾಸ್ಟರ್ ಆದ ಮೇಲೆ ಒಂದು ಸ್ವಿಚ್ ಬೋರ್ಡ್ ಜಾಗ ಬದಲಿಸಿದರೂ ಗೋಡೆ ಕೊರೆದು, ಪೈಪ್ ಕೂರಿಸಿ, ಮತ್ತೆ ಮೆತ್ತಬೇಕು ಅಲ್ವಾ? ಮಂಚ, ಫ್ರಿಜ್, ವಾಷಿಂಗ್ ಮಷಿನ್ ಎಲ್ಲಿ ಬರುತ್ತವೆ ಅಂತ ಈಗಲೇ ನಕ್ಷೆಯಲ್ಲಿ ಗುರುತು ಹಾಕಿ. ಒಪ್ಪಂದದಲ್ಲಿ ಸುಮ್ನೆ ‘ಒಳ್ಳೆಯ ಟೈಲ್ಸ್’ ಅಂತಿದ್ದರೆ ಸಾಲದು. ಕಂಪನಿ, ಅಳತೆ, ದರ ಬರೆಸಿ. ಮುಗಿದ ಕೆಲಸಕ್ಕೆ ತಕ್ಕಂತೆ ಹಣ ಕೊಡಿ, ಕೊನೆಯ ಕಂತು ರಿಪೇರಿಗಳೆಲ್ಲ ಮುಗಿಯುವವರೆಗೆ ನಿಮ್ಮ ಕೈಯಲ್ಲೇ ಇರಲಿ. ಕಾಂಕ್ರೀಟ್ ಹಾಕಿದ ಮೇಲೆ ಕೆಲಸ ನಿಂತಂತೆ ಕಂಡರೆ ಗಾಬರಿ ಬೇಡ. ಅದಕ್ಕೆ ಕನಿಷ್ಠ 7 ದಿನ ನೀರುಣಿಸಬೇಕು, ನಕ್ಷೆ ಮಾಡುವಾಗ ಲೆಕ್ಕ ಹಾಕಿದಷ್ಟು ಬಲ ಬರಲು 28 ದಿನ ಬೇಕು. ಅಲ್ಲಿ ಮಾತ್ರ ಅವಸರಪಡಿಸಬೇಡಿ.