ಅನಾಥ ನಾಯಕಿಗೆ ಶಕ್ತಿ ತಿಳಿಯುವ ಗಳಿಗೆ

ನಿಮ್ಮ ಕಾದಂಬರಿಯ ಅನಾಥ ಹುಡುಗಿಗೆ ಮೊದಲ ಅಧ್ಯಾಯದಲ್ಲೇ ಅತಿಮಾನುಷ ಶಕ್ತಿ ಒದಗಿದರೂ ಅದು ಓದುಗರ ಮನಸ್ಸಿಗೆ ಏಕೆ ತಟ್ಟುತ್ತಿಲ್ಲ ಎಂದು ಕೇಳಿದ್ದೀರಿ. ಶಕ್ತಿ ಬೇಗ ಬಂದುದರಲ್ಲಿ ತಪ್ಪಿಲ್ಲ, ಆದರೆ ಅದು ಅವಳ ಅನಾಥತನದೊಂದಿಗೆ ಬೆಸೆದುಕೊಂಡಿಲ್ಲವೆಂದು ನನಗೆ ತೋರುತ್ತದೆ. ತನ್ನನ್ನು ಸಾಕುತ್ತಿರುವವರು ನಿಜವಾದ ತಂದೆತಾಯಿಯಲ್ಲ, ಹೆತ್ತವರು ಬೇರೆಲ್ಲೋ ಇರುವ ದೊಡ್ಡ ಮನುಷ್ಯರು ಎಂದು ಮಕ್ಕಳು ಕಟ್ಟಿಕೊಳ್ಳುವ ಕಲ್ಪನೆಯನ್ನು ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ 1909ರಲ್ಲಿಯೇ ವಿವರಿಸಿದ್ದರು. ಇಂಥ ಕಥೆಗಳು ಎಳೆಯರನ್ನು ಸೆಳೆಯುವುದರ ಹಿಂದೆ ಆ ಹಂಬಲವೂ ಇದೆ. ಆದ್ದರಿಂದ ಶಕ್ತಿಯನ್ನು ಅವಳ ಹುಟ್ಟಿನ ಪ್ರಶ್ನೆಗೇ ಗಂಟುಹಾಕಿ. ಅವಳು ಮುಟ್ಟಿದ ದೀಪ ತಾನಾಗಿ ಹೊತ್ತಿಕೊಂಡಾಗ, ಸಾಕಿದ ಅಜ್ಜಿ ಬೆರಗಾಗದೆ, ಮೊದಲೇ ಬಲ್ಲವಳಂತೆ ಎದ್ದು ಕಿಟಕಿ ಮುಚ್ಚಲಿ. ಹುಡುಗಿಯ ಕಣ್ಣು ದೀಪವನ್ನು ಬಿಟ್ಟು ಅಜ್ಜಿಯ ಕೈಯತ್ತ ಹೊರಳಲಿ. ಅಜ್ಜಿಯನ್ನು ಪ್ರಶ್ನಿಸುವ ಮಾತನ್ನು ಮಾತ್ರ ಎರಡನೆಯ ಅಧ್ಯಾಯಕ್ಕೆ ಉಳಿಸಿಕೊಳ್ಳಿ.